ಮೂತಿಯದೊಂದು ಬಿಟ್ಟು

ತಮ್ಮನ ಹಾಡು ತನ್ನ ಕಿವಿಗೆ ಬಿದ್ದಿಲ್ಲ, ಇನ್ನು ಮುಂದೆ ಬೀಳುವುದೂ ಇಲ್ಲ ಎಂದು ದೊಡ್ಡಕ್ಕ ಸಾರಿ ವರ್ಷಗಳೇ ಕಳೆದಿದ್ದವು. ಸಾರಿದ್ದು ಸಣ್ಣ ದನಿಯಲ್ಲೇನಲ್ಲ. ತನ್ನ ಲಾಂಡ್ರಿ ಅಂಗಡಿಯ ಕೌಂಟರಿನ ಮೇಲೆ ಕೈ ಬಡಿದು, ಬಟ್ಟೆ ಕೊಡಲು ಬಂದ ಗಿರಾಕಿಗಳ ಎದುರಿಗೇ ಸಾರಿದ್ದಳು. ಅಂಥ ಮಾತನ್ನು ವಾಪಸ್ಸು ತೆಗೆದುಕೊಳ್ಳುವುದು ಬಲು ಕಷ್ಟ. ಹಾಗಾಗಿ ಆ ಭಾನುವಾರ ಮಧ್ಯಾಹ್ನ ಗಂಡ ತಮ್ಮನ ಹೊಸ ಸೀಡಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ಬಂದಾಗ ಅವಳ ಎದೆ ಧಸಕ್ಕೆಂದದ್ದು ಯಾರಿಗೂ ಗೊತ್ತಾಗಬಾರದಿತ್ತು.

"ನೋಡೇ, ಬಂತು! ನಿನ್ನ ತಮ್ಮ ಒಬ್ಬನೇ ಕೂತು, ಬರೀ ಪಿಯಾನೊ ಬಾರಿಸ್ಕೊಂಡು ಹಾಡಿರೋದು. ನಮ್ಮೂರಲ್ಲೇ ಆಯ್ತಲ್ಲ, ಆ ಕಾರ್ಯಕ್ರಮ. ಒಂದು ಚೂರೂ ಕತ್ತರಿಸಿಲ್ಲ ಅಂತ ಕವರ್ ಮೇಲೇ ಬರೆದಿದ್ದಾರೆ. ಕೆಮ್ಮಿದವರ ಕೆಮ್ಮೂ ಇದೆಯಂತೆ," ಎಂದು ಗಂಡ ಹಲ್ಲು ಬಿಟ್ಟ.

ಬರೀ ಕೆಮ್ಮಾಗಿದ್ದರೆ ದೊಡ್ಡಕ್ಕ ಹೆದರುತ್ತಿರಲಿಲ್ಲ.

ಈ ತಮ್ಮನ ವಿಷಯ ಮೊದಲೇ ಹೇಳಿಬಿಡುವುದು ವಾಸಿ. ಹೊರಗಿನವರಿಗೆ ಅವನು ದೊಡ್ಡ ಹಾಡುಗಾರ. ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಪಿಯಾನೊ ನುಡಿಸಿ ಹಾಡುವವನು. ಮನೆಯವರಿಗೆ ಅವನು ಪೀಪಿ. ತೊಟ್ಟಿಲಲ್ಲಿ ಮಲಗಿ ಅವನು ಅಳುತ್ತಿದ್ದ ವೈಖರಿ ನೋಡಿ ಅಮ್ಮ ಇಟ್ಟ ಹೆಸರು ಅದು, ತಲೆಗೂದಲು ನರೆತರೂ ಅಂಟಿಕೊಂಡೇ ಇತ್ತು. ಪೀಪಿಗೆ ಪ್ರೀತಿ, ವಿರಹ, ಬೆಳದಿಂಗಳು ಎಂದರೆ ಆಕಳಿಕೆ ಬರುತ್ತಿತ್ತು. ಅವನು ಬರೆದದ್ದೆಲ್ಲ ಮನೆಯವರ ಮೇಲೆಯೇ, ಅದೂ ಮರ್ಯಾದೆ ಇಟ್ಟು ಬರೆದದ್ದು ಒಂದೂ ಇಲ್ಲ.

ಅಮ್ಮನ ಕಿವುಡಿನ ಮೇಲೆ ಒಂದು ಹಾಡಿತ್ತು. ಕ್ಷೌರದಂಗಡಿ ಇಟ್ಟಿದ್ದ ತಂಗಿ ಒಮ್ಮೆ ಮಾತಿನ ಭರದಲ್ಲಿ ಗಿರಾಕಿಯೊಬ್ಬನ ಅರ್ಧ ಮೀಸೆ ಹಾರಿಸಿದ್ದರ ಮೇಲೆ ಒಂದಿತ್ತು. ಡ್ರೈವಿಂಗ್ ಕಲಿಸುವ ಭಾವನ, ಅಂದರೆ ದೊಡ್ಡಕ್ಕನ ಗಂಡನ ಮೇಲಂತೂ ಎರಡಿದ್ದವು. ಇವರಿಗೆ ಯಾರಿಗೂ ಬೇಸರವಿರಲಿಲ್ಲ. ಬೇಸರದ ಮಾತು ಹಾಗಿರಲಿ, ಅದಕ್ಕೊಂದು ಪದ್ಧತಿಯನ್ನೇ ಮಾಡಿಕೊಂಡಿದ್ದರು. ಹೊಸ ರೆಕಾರ್ಡ್ ಬಂದ ಮೊದಲ ಭಾನುವಾರ ಎಲ್ಲರೂ ಲಾಂಡ್ರಿಯ ಮೇಲಿನ ಮನೆಯಲ್ಲಿ ಸೇರಿ ಕೇಳಬೇಕು, ಅದಕ್ಕೂ ಮೊದಲು ಕಾರ್ಯಕ್ರಮಕ್ಕೆ ಹೋಗಿ ಯಾರೂ ಕೇಳಿಬರುವಂತಿಲ್ಲ. ಈ ಸಲ ಯಾರ ಮಾನ ಹರಾಜಾಗಿದೆಯೋ ಅವರಿಗೆ ಕಿಟಕಿ ಪಕ್ಕದ ಮೆತ್ತನೆಯ ಕುರ್ಚಿ. ಮುಂದಿನ ರೆಕಾರ್ಡ್ ಬರುವ ತನಕ ಆ ಕುರ್ಚಿ ಅವರದೇ. ಭಾವ ಎರಡು ಸಲ ಗೆದ್ದು ಅದರಲ್ಲಿ ಕೂತು ಪೇಪರ್ ಓದಿದ್ದ.

ದೊಡ್ಡಕ್ಕನಿಗೂ ಒಂದು ಹಾಡು ಸಿಕ್ಕಿತು. ಅವಳು ಮಾತ್ರ ಕುರ್ಚಿಯನ್ನು ಒದ್ದಳು.

ಹಾಡಿನ ಹೆಸರು 'ಇಸ್ತ್ರಿ'. ಕೆಟ್ಟ ಹಾಡೇನಲ್ಲ, ಅದೇ ಅನ್ಯಾಯ. ಬಾಯಿಗೆ ಸುಲಭವಾಗಿ ಹತ್ತುತ್ತಿತ್ತು. ಊರೆಲ್ಲ ಗುನುಗಿತು:

ಊರಿನ ಅಂಗಿಯ ಸುಕ್ಕುಗಳನ್ನು
ಆವಿಯ ಕೈಗೆ ಕೊಟ್ಟು
ಒಂದೂ ಬಿಡದೆ ತೆಗೆವಳು ಅಕ್ಕ
ತನ್ನ ಮೂತಿಯದೊಂದು ಬಿಟ್ಟು.

ಪ್ಯಾಂಟ್ ಕೊಡಲು ಬಂದವರು ಕೌಂಟರಿನಲ್ಲಿ ಬೆರಳು ತಟ್ಟುತ್ತ ಇದನ್ನೇ ಗುನುಗಿದರು. ಒಬ್ಬ ಮಹಾನುಭಾವ ಕವರ್ ತಂದು, "ಮೇಡಂ, ಆ ಮೂತಿ ನಿಮ್ಮದೇ ಅಂತೆ, ಒಂದು ಸಹಿ ಹಾಕ್ತೀರಾ?" ಎಂದ. ದೊಡ್ಡಕ್ಕ ಅವನ ಶರ್ಟನ್ನು ಒದ್ದೆಯಾಗಿಯೇ ವಾಪಸ್ಸು ಕೊಟ್ಟು ಕಳಿಸಿದಳು. ಅಂದೇ ಪೀಪಿಗೆ ಫೋನ್ ಮಾಡಿ, ಇನ್ನು ಈ ಮೆಟ್ಟಿಲು ಹತ್ತಿದರೆ ಕಾಲು ಮುರಿಯುತ್ತೇನೆಂದಳು. ಅವನು ನಕ್ಕ. ತಮಾಷೆ ಎಂದುಕೊಂಡನೋ ಏನೋ. ಆಮೇಲೆ ಎಷ್ಟು ಸಲ ಫೋನ್ ಮಾಡಿದರೂ ಅವಳು ಎತ್ತಲಿಲ್ಲ. ಅವನು ಕಳಿಸಿದ ಟಿಕೆಟ್‌ಗಳನ್ನು ಮಡಚಿ ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟಳು.

ಉಳಿದವರೆಲ್ಲ ನಕ್ಕ ಮೇಲೆ ಇವಳಿಗೆ ಮಾತ್ರ ಯಾಕೆ ಅಷ್ಟು ಉರಿ ಎಂದು ಅಮ್ಮ ಕೇಳುತ್ತಲೇ ಇದ್ದಳು. ಕಾರಣ ಇಷ್ಟೇ: ಉಳಿದವರ ಮೇಲೆ ಅವನು ಬರೆದದ್ದರಲ್ಲಿ ಮುಕ್ಕಾಲು ಪಾಲು ಬೊಗಳೆ. ಇವಳ ಮೇಲೆ ಬರೆದದ್ದು ನಿಜ. ಆ ಹಾಡು ಬಂದ ದಿನ ಅಂಗಡಿಯ ಬಾಗಿಲು ಎಳೆದ ಮೇಲೆ ದೊಡ್ಡಕ್ಕ ಗೋಡೆಗೆ ತೂಗಿದ ಕನ್ನಡಿಯ ಮುಂದೆ ನಿಂತು ನೋಡಿಕೊಂಡಿದ್ದಳು. ಹುಬ್ಬಿನ ನಡುವೆ ಗಂಟು, ಬಾಯಿಯ ಎರಡೂ ಬದಿಗೆ ಇಳಿಬಿದ್ದ ಗೆರೆ. ನಗಲು ನೋಡಿದಳು. ಕನ್ನಡಿಯಲ್ಲಿದ್ದವಳಿಗೆ ಅದು ಒಗ್ಗಲಿಲ್ಲ. ಆ ದಿನ ಅವಳಿಗೆ ಆದ ನೋವನ್ನು ಅವಳು ಗಂಡನಿಗೂ ಹೇಳಲಿಲ್ಲ.

ಹೀಗೆ ಗಟ್ಟಿಯಾಗಿ ನಿಂತಿದ್ದವಳು ಜಾರಿದ್ದು ಒಂದು ಕೋಟಿನಿಂದ.

ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ ಊರಿನ ದೊಡ್ಡ ಸಭಾಂಗಣದ ಮ್ಯಾನೇಜರ್ ಏದುಸಿರು ಬಿಡುತ್ತ ಬಂದು ಒಂದು ಕಪ್ಪು ಕೋಟನ್ನು ಕೌಂಟರಿನ ಮೇಲೆ ಹಾಕಿದ. "ಅಮ್ಮ, ಅರ್ಜೆಂಟು. ಸಂಜೆ ಕಾರ್ಯಕ್ರಮ ಇದೆ. ಹಾಡೋರು ಕಾಫಿ ಚೆಲ್ಕೊಂಡುಬಿಟ್ಟಿದ್ದಾರೆ," ಎಂದ. ದೊಡ್ಡಕ್ಕ ಕೋಟು ತಿರುಗಿಸಿ ನೋಡಿದಳು. ಒಳಗಿನ ನೇರಳೆ ಅಸ್ತರು ಅವಳೇ ಆರಿಸಿ ಹಾಕಿಸಿದ್ದು. ಪೀಪಿಯ ಮೊದಲ ಕಾರ್ಯಕ್ರಮಕ್ಕೆ ಅವಳೇ ಹೊಲಿಸಿಕೊಟ್ಟ ಕೋಟು. ಎರಡೂ ಬದಿಯ ಹೊಲಿಗೆ ಬಿಚ್ಚಿ ಅಗಲ ಮಾಡಿದ್ದರು. ದಪ್ಪಗಾಗಿದ್ದಾನೆ ಕತ್ತೆ, ಎಂದುಕೊಂಡಳು. ಮೊಣಕೈ ಸವೆದು ಮಿರಿಮಿರಿ ಎನ್ನುತ್ತಿತ್ತು. ಒಂದು ಗುಂಡಿ ನೂಲಿನಲ್ಲಿ ಜೋತಾಡುತ್ತಿತ್ತು.

ಕಲೆ ಮಾತ್ರ ವಿಚಿತ್ರವಾಗಿತ್ತು. ಕೈತಪ್ಪಿ ಚೆಲ್ಲಿದ ಕಾಫಿ ಸಿಡಿಯುತ್ತದೆ, ತೋಳಿಗೆ, ಕಾಲರಿಗೆ ಚುಕ್ಕೆ ಹಾಕುತ್ತದೆ. ಇದು ಎದೆಯಿಂದ ಕೆಳಗೆ ನೆಟ್ಟಗೆ ಇಳಿದಿತ್ತು, ಗಿಡಕ್ಕೆ ನೀರು ಹೊಯ್ದ ಹಾಗೆ. ಕುಡಿಯೋದಕ್ಕೂ ಬರಲ್ಲ ಇವನಿಗೆ ಎಂದು ಬೈದುಕೊಂಡು ಕೆಲಸಕ್ಕೆ ಕೂತಳು. ಕಲೆ ತೆಗೆದಳು. ಯಾರೂ ಹೇಳದಿದ್ದರೂ ಗುಂಡಿ ಬಿಗಿದಳು, ತನ್ನ ಅಭ್ಯಾಸದಂತೆ ಬುಡಕ್ಕೆ ನೂಲು ಸುತ್ತಿ ಸುತ್ತಿ ಕತ್ತು ಹಿಸುಕಿದ ಹಾಗೆ. ಕಾಲರಿಗೆ ಆವಿ ಕೊಟ್ಟು ಕೂರಿಸಿದಳು. ಮ್ಯಾನೇಜರ್ ಬಂದು ಒಯ್ದ ಮೇಲೆ ಅವಳಿಗೆ ಒಂದೇ ಯೋಚನೆ: ಆ ಕಾಲರು ದೀಪದ ಕೆಳಗೆ ಸರಿಯಾಗಿ ಕೂರುತ್ತದೆಯೇ?

ಅವಳು ಹೋದದ್ದು ಕೋಟು ನೋಡಲು. ಇದನ್ನು ಅವಳು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಮನೆಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಹೇಳಿ, ಟಿಕೆಟ್ ತಾನೇ ಕೊಂಡು, ಪಕ್ಕದ ಬಾಗಿಲಿಗೆ ಹತ್ತಿರವಿದ್ದ ಕುರ್ಚಿಯಲ್ಲಿ ತಲೆಗೆ ಸ್ಕಾರ್ಫ್ ಬಿಗಿದುಕೊಂಡು ಕೂತಳು. ಮೂರನೇ ಸಾಲು. ಕೋಟು ನೋಡಬೇಕಾದರೆ ಹತ್ತಿರ ಬೇಕಲ್ಲ. ಶುರುವಾಗುವ ಮುನ್ನ ಒಬ್ಬ ಬಂದು, ಇವತ್ತಿನದನ್ನು ರೆಕಾರ್ಡ್ ಮಾಡುತ್ತಿದ್ದೇವೆ, ದಯವಿಟ್ಟು ಎಲ್ಲರೂ ಸದ್ದು ಮಾಡದೆ ಕೂರಬೇಕು ಎಂದು ಕೈ ಮುಗಿದು ಕೇಳಿಕೊಂಡ. ದೊಡ್ಡಕ್ಕ ಅದನ್ನೂ ಕೇಳಿಸಿಕೊಂಡಿದ್ದಳು. ಹಾಗಾಗಿ ಗೊತ್ತಿರಲಿಲ್ಲ ಎನ್ನುವಂತೆಯೂ ಇರಲಿಲ್ಲ.

ಕಾಲರು ಚೆನ್ನಾಗಿ ಕೂತಿತ್ತು. ಎದ್ದು ಬರಬಹುದಿತ್ತು. ಆದರೆ ಅವನು ಹಾಡಲು ಶುರುಮಾಡಿದ, ಅವಳು ಕೂತೇ ಇದ್ದಳು. ಎಲ್ಲ ಹಾಡಿನ ಎಲ್ಲ ಸಾಲೂ ಅವಳಿಗೆ ಬರುತ್ತಿದ್ದವು. ಕಿವಿಗೆ ಬಿದ್ದಿಲ್ಲ ಎಂದು ಸಾರಿದವಳು ಅಂಗಡಿಯ ದೊಡ್ಡ ಯಂತ್ರವನ್ನು ಗಡಗಡ ತಿರುಗಿಸಿ ಬಿಟ್ಟು, ಅದರ ಸದ್ದಿನ ಮರೆಯಲ್ಲಿ ಚಿಕ್ಕ ರೇಡಿಯೋಗೆ ಕಿವಿ ಹಚ್ಚಿ ಅವನ್ನೆಲ್ಲ ಬಾಯಿಪಾಠ ಮಾಡಿದ್ದಳು. ಕೊನೆಯ ಹೊತ್ತಿಗೆ ಅವನು 'ಇಸ್ತ್ರಿ' ಎತ್ತಿಕೊಂಡ. ಅವಳು ಹಲ್ಲು ಕಚ್ಚಿದಳು. 'ಒಂದೂ ಬಿಡದೆ ತೆಗೆವಳು ಅಕ್ಕ' ಎಂದವನು ಅಲ್ಲಿಗೆ ನಿಂತುಬಿಟ್ಟ. ಪಿಯಾನೊ ನಿಂತಿತು. ಸಭಾಂಗಣದಲ್ಲಿ ಪಿಟಕ್ ಎನ್ನುವ ಸದ್ದಿಲ್ಲ. ಅವನು ಕೈ ಎತ್ತಿಕೊಂಡು ಸುಮ್ಮನೆ ಕೂತಿದ್ದ.

ಇಲ್ಲಿ ಒಂದು ಹಳೆಯ ವಿಷಯ ಹೇಳಬೇಕು. ಪೀಪಿ ಶಾಲೆಯಲ್ಲಿ ಓದುವಾಗ ಸ್ಟೇಜ್ ಹತ್ತಿದರೆ ಪದ ಮರೆಯುತ್ತಿದ್ದ. ಪರದೆಯ ಹಿಂದೆ ದೊಡ್ಡಕ್ಕ ನಿಂತಿರುತ್ತಿದ್ದಳು. ಅವನು ತಡೆದ ಕೂಡಲೇ ಸಾಲನ್ನು ಎತ್ತಿಕೊಟ್ಟು, ಜೊತೆಗೆ "ಹಾಡೋ, ಕತ್ತೆ" ಎಂದು ಸೇರಿಸುತ್ತಿದ್ದಳು. ಆ 'ಕತ್ತೆ' ಕೇಳಿದರೇ ಅವನಿಗೆ ಮುಂದಿನದು ಬರುತ್ತಿತ್ತು. ಜನರ ಮುಂದೆ ತಮ್ಮ ಬಾಯಿ ಕಟ್ಟಿ ನಿಂತದ್ದನ್ನು ನೋಡುವ ಶಕ್ತಿ ಅವಳಿಗೆ ಆಗಲೂ ಇರಲಿಲ್ಲ, ಈಗಲೂ ಇರಲಿಲ್ಲ.

ಅವಳು ಎದ್ದು ನಿಂತು, ಅಷ್ಟು ಜನರ ಎದುರಿಗೆ, ಲಾಂಡ್ರಿ ಯಂತ್ರದ ಸದ್ದನ್ನು ಮೀರಿಸಿ ಪಳಗಿದ ಗಂಟಲಲ್ಲಿ ಕೂಗಿದಳು: "ತನ್ನ ಮೂತಿಯದೊಂದು ಬಿಟ್ಟು! ಹಾಡೋ, ಕತ್ತೆ!"

ಕೂಗಿದ ಮೇಲೆ ತಾನು ಏನು ಕೂಗಿದೆ ಎಂಬುದು ತಲೆಗೆ ಹೋಯಿತು. ಜನ ಘೊಳ್ಳೆಂದರು. ಅವಳು ಪಕ್ಕದ ಬಾಗಿಲನ್ನು ತಳ್ಳಿಕೊಂಡು, ಹಿಂದೆ ಅದನ್ನು ಧಡಾರನೆ ಬಡಿದು, ಬೀದಿಗೆ ಬಿದ್ದು ಓಡಿದಳು. ಅಲ್ಲಿ ಆಮೇಲೆ ಏನಾಯಿತು, ತಮ್ಮನಿಗೆ ತನ್ನ ಗುರುತು ಸಿಕ್ಕಿತೇ, ಅವನೂ ನಕ್ಕನೇ, ಒಂದೂ ಅವಳಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ಕೆನ್ನೆ ಹಿಡಿದುಕೊಂಡು ಮಲಗಿದಳು. ಹಲ್ಲು ಕಿತ್ತರು ಎಂದು ಹೇಳಿದ ತಪ್ಪಿಗೆ ವಾರವಿಡೀ ಗಂಡ ಪ್ರೀತಿಯಿಂದ ಮಾಡಿಕೊಟ್ಟ ಸಪ್ಪೆ ಸೂಪು ಕುಡಿಯಬೇಕಾಯಿತು. ತಂಗಿ ಮಾತ್ರ, "ಅಕ್ಕ, ನಿನ್ನೆ ಎಡಗೆನ್ನೆ ಹಿಡ್ಕೊಂಡಿದ್ದೆ, ಇವತ್ತು ಬಲಗೆನ್ನೆ. ಹಲ್ಲು ಓಡಾಡ್ತಾ ಇದೆಯಾ?" ಎಂದು ಕೇಳಿ ಕಣ್ಣು ಕಿರಿದು ಮಾಡಿದ್ದಳು.

ಅಂದಿನಿಂದ ದೊಡ್ಡಕ್ಕನಿಗೆ ಒಂದೇ ಭಯ. ಆ ಕೂಗು ರೆಕಾರ್ಡಿಗೆ ಬಿದ್ದಿದ್ದರೆ? ಮನೆಯವರು ಕೇಳಿದರೆ? ಇಷ್ಟು ವರ್ಷದ ಹಟ, ಕೌಂಟರ್ ಬಡಿದ ಕೈ, ಒದ್ದ ಕುರ್ಚಿ, ಎಲ್ಲ ಒಂದೇ ಏಟಿಗೆ ನಗೆಪಾಟಲು. ಸಾಯುವ ತನಕ ಇವರು ಬಿಡುವ ಜನ ಅಲ್ಲ.

ಈಗ ಆ ಭಾನುವಾರ ಬಂದೇ ಬಿಟ್ಟಿತ್ತು.

ಅಮ್ಮ ಕೂತಾಗಿತ್ತು. ತಂಗಿ ಅಂಗಡಿ ಬಾಗಿಲು ಹಾಕಿ, ಭುಜದ ಮೇಲೆ ಯಾರದೋ ಕೂದಲು ಹೊತ್ತುಕೊಂಡೇ ಬಂದಿದ್ದಳು. ಗಂಡ ಪ್ಲೇಯರಿನ ಧೂಳು ಒರೆಸುತ್ತಿದ್ದ.

"ಒಬ್ಬನೇ ಯಾಕೆ ಹಾಡಿದಾನೆ? ಜೊತೇಲಿ ಬಾರಿಸ್ತಿದ್ದವರೆಲ್ಲ ಬಿಟ್ಟು ಹೋದ್ರಾ?" ಎಂದು ಅಮ್ಮ ಬೀದಿಗೆ ಕೇಳುವಂತೆ ಕೇಳಿದಳು.

"ಇಲ್ಲ ಅತ್ತೆ, ಈಗ ಅದೇ ಫ್ಯಾಷನ್ನು," ಎಂದು ಗಂಡ ಅವಳ ಕಿವಿಗೆ ಬಾಯಿಟ್ಟು ಕೂಗಿದ.

"ನಂಗೆ ಕೆಳಗೆ ಕೆಲಸ ಇದೆ. ಇಂಥಾದ್ದೆಲ್ಲ ನಾನು ಕೇಳಲ್ಲ ಅಂತ ಗೊತ್ತಲ್ಲ," ಎಂದು ದೊಡ್ಡಕ್ಕ ಮೂಗು ಮುರಿದು ಕೆಳಗಿಳಿದಳು. ಸೀದಾ ಮೀಟರ್ ಪೆಟ್ಟಿಗೆಯ ಹತ್ತಿರ ಹೋಗಿ, ಫ್ಯೂಸ್ ಕಿತ್ತು ಏಪ್ರನ್ ಜೇಬಿಗೆ ಹಾಕಿದಳು. ಮೇಲೆ ಪ್ಲೇಯರ್ ಗಪ್‌ಚಿಪ್ಪಾಯಿತು. ಎಷ್ಟು ಸುಲಭ! ಇಷ್ಟು ದಿನ ಸುಮ್ಮನೆ ನಿದ್ದೆಗೆಟ್ಟೆ ಎನ್ನಿಸಿತು ಅವಳಿಗೆ.

"ಎದುರು ಬೇಕರಿಲಿ ಲೈಟ್ ಉರೀತಾನೇ ಇದೆ. ನಮ್ಮದೊಂದಕ್ಕೆ ಏನು ರೋಗ?" ಎಂದು ತಂಗಿ ಕಿಟಕಿಯಿಂದ ಕೂಗಿದಳು.

"ಯಾರಿಗೆ ಗೊತ್ತು. ಸರಿ ಮಾಡೋರು ಭಾನುವಾರ ಬರಲ್ಲ. ಇನ್ನೊಂದು ದಿನ ಕೇಳಿ," ಎಂದಳು ದೊಡ್ಡಕ್ಕ ಕೆಳಗಿನಿಂದಲೇ.

ಗಂಡ ಮೆಟ್ಟಿಲ ತುದಿಯಲ್ಲಿ ಕಾಣಿಸಿಕೊಂಡ. ಮುಖ ಇನ್ನೂ ಅರಳಿಯೇ ಇತ್ತು. "ಅದಕ್ಯಾಕೆ ಯೋಚನೆ? ಗಾಡೀಲಿ ಪ್ಲೇಯರ್ ಇದೆಯಲ್ಲ!" ಎಂದ.

ಅವನ ಡ್ರೈವಿಂಗ್ ಸ್ಕೂಲಿನ ಕಾರು ಲಾಂಡ್ರಿಯ ಮುಂದೆಯೇ ನಿಂತಿತ್ತು. ನೆತ್ತಿಯ ಮೇಲೆ ಬೋರ್ಡು, ಕಲಿಸುವವನ ಕಾಲಿಗೂ ಒಂದು ಬ್ರೇಕು, ಕಲಿಯುವವರ ಬೆವರಿಗೆ ಬಣ್ಣ ಕಳೆದುಕೊಂಡ ಸ್ಟೇರಿಂಗು. ಅಮ್ಮನನ್ನು ಹಿಂದಿನ ಸೀಟಿಗೆ ತುಂಬಿದರು, ಪಕ್ಕದಲ್ಲಿ ತಂಗಿ. ಗಂಡ ಅಭ್ಯಾಸಬಲದಿಂದ ತನ್ನ ಮಾಮೂಲಿ ಜಾಗದಲ್ಲಿ, ಅಂದರೆ ಮೇಷ್ಟರ ಸೀಟಿನಲ್ಲಿ ಕೂತುಬಿಟ್ಟ. ಸ್ಟೇರಿಂಗಿನ ಮುಂದಿನ ಸೀಟು ಖಾಲಿ ಉಳಿಯಿತು.

ದೊಡ್ಡಕ್ಕ ಫುಟ್‌ಪಾತಿನ ಮೇಲೆ ನಿಂತು ಲೆಕ್ಕ ಹಾಕಿದಳು. ಇವರನ್ನು ತಡೆಯುವಂತಿಲ್ಲ. ಆದರೆ ಆ ಜಾಗ ಬಂದಾಗ ಏನಾದರೂ ಸದ್ದು ಮಾಡಿದರೆ? ಸ್ಟೇರಿಂಗಿನ ನಡುವೆ ಹಾರ್ನ್ ಇತ್ತು. ಅವಳು ಬಾಗಿಲು ತೆಗೆದು ಒಳಗೆ ಕೂತಳು.

"ನೀನೂ ಕೇಳ್ತೀಯಾ?" ಎಂದು ಗಂಡ ಬಾಯಿ ಬಿಟ್ಟ.

"ಕೇಳೋಕಲ್ಲ. ಕಾಲು ನೋವು. ಕೂರೋಕೆ," ಎಂದಳು.

ಸೀಡಿ ತಿರುಗಿತು. ಮೊದಲು ಚಪ್ಪಾಳೆ, ಆಮೇಲೆ ಯಾರೋ ಕುರ್ಚಿ ಎಳೆದ ಸದ್ದು, ಆಮೇಲೆ ಪಿಯಾನೊ. ಅಮ್ಮನಿಗಾಗಿ ದನಿ ಪೂರ್ತಿ ಏರಿಸಿದ್ದರಿಂದ ಕಾರಿನ ಗಾಜು ಗುಂಯ್ಗುಡುತ್ತಿತ್ತು. ಬೇಕರಿಯವನು ಹೊರಗೆ ಬಂದು ನಿಂತ. ಪೀಪಿ ಹಾಡುತ್ತಿದ್ದ. ಪಕ್ಕವಾದ್ಯವಿಲ್ಲದ ದನಿಗೆ ಮುಚ್ಚಿಕೊಳ್ಳಲು ಏನೂ ಇರಲಿಲ್ಲ. ಉಸಿರು ಎಳೆದದ್ದು, ಗಂಟಲು ಒಣಗಿದ್ದು, ಪೆಡಲಿನ ಮೇಲೆ ಶೂ ಕಿರುಗುಟ್ಟಿದ್ದು, ಎಲ್ಲ ಕೇಳುತ್ತಿತ್ತು. ವಯಸ್ಸಾಯಿತಲ್ಲ ಇವನಿಗೆ ಎನ್ನಿಸಿತು ದೊಡ್ಡಕ್ಕನಿಗೆ. ಆ ದಿನ ಸಭಾಂಗಣದಲ್ಲಿ ಕಾಲರು ನೋಡುವ ಗಡಿಬಿಡಿಯಲ್ಲಿ ಇದು ಕೇಳಿಸಿರಲಿಲ್ಲ.

ಅರ್ಧ ಮೀಸೆಯ ಹಾಡು ಬಂತು, ತಂಗಿ ಬಿದ್ದೂ ಬಿದ್ದೂ ನಕ್ಕಳು. ಭಾವನ ಹಾಡು ಬಂತು, ಅವನು ಡ್ಯಾಶ್‌ಬೋರ್ಡ್ ಮೇಲೆ ತಾಳ ಹಾಕಿದ. "ಪಿಯಾನೊ ಪೆಟ್ಟಿಗೆ ಚೆನ್ನಾಗಿದೆ, ಆದ್ರೆ ಇವನು ಅದನ್ನ ಹೊಡೀತಾನೆ, ಬಾರಿಸಲ್ಲ," ಎಂದು ಅಮ್ಮ ತೀರ್ಪು ಕೊಟ್ಟಳು. ಆಮೇಲೆ 'ಇಸ್ತ್ರಿ' ಶುರುವಾಯಿತು. ಮೂವರೂ ಒಮ್ಮೆಗೇ ದೊಡ್ಡಕ್ಕನ ಕಡೆ ನೋಡಿದರು. ಅವಳು ರಸ್ತೆಯನ್ನು ನೋಡುತ್ತ, ಎರಡೂ ಕೈಯನ್ನು ಸ್ಟೇರಿಂಗಿನ ಮೇಲೆ ಇಟ್ಟುಕೊಂಡು ಕೂತಳು.

'ಒಂದೂ ಬಿಡದೆ ತೆಗೆವಳು ಅಕ್ಕ.'

ಪಿಯಾನೊ ನಿಂತಿತು. ಅವಳು ಮನಸ್ಸಿನಲ್ಲೇ ಎಣಿಸಿ, ಮೈಯ ಭಾರವನ್ನೆಲ್ಲ ಹಾಕಿ ಹಾರ್ನ್ ಒತ್ತಿದಳು.

ಬೀದಿಯಲ್ಲಿದ್ದ ಪಾರಿವಾಳಗಳೆಲ್ಲ ಎದ್ದವು. ಗಂಡನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಿತ್ತು. "ಹಾರ್ನ್ ಬಿಡಿ! ಮುಂದೆ ಯಾರೂ ಇಲ್ಲ, ಹಾರ್ನ್ ಬಿಡಿ ಮೊದಲು!" ಎಂದು ಹೆಂಡತಿಯನ್ನೇ ಬಹುವಚನದಲ್ಲಿ ಗದರಿಸಿದ. ಅವಳು ಬಿಡಲಿಲ್ಲ. ಬಿಟ್ಟಾಗ ಸೀಡಿಯಲ್ಲಿ ಜನರ ನಗು ಕೇಳುತ್ತಿತ್ತು, ಅಷ್ಟೇ. ಗೆದ್ದೆ ಎಂದುಕೊಂಡಳು.

"ಏನದು? ಎಲ್ಲ ನಗ್ತಾ ಇದಾರಲ್ಲ? ಯಾರೋ ಏನೋ ಅಂದ್ರು," ಎಂದಳು ಅಮ್ಮ. ಹೇಳಿದ್ದೊಂದೂ ಕೇಳದ ಕಿವಿ, ಬೇಡದ್ದನ್ನು ಎಲ್ಲಿದ್ದರೂ ಹಿಡಿಯುತ್ತಿತ್ತು. "ಹಿಂದಕ್ಕೆ ಹಾಕಪ್ಪಾ."

"ಬೇಡ ರೀ, ಅಲ್ಲೇನಿಲ್ಲ," ಎಂದಳು ದೊಡ್ಡಕ್ಕ.

"ಏನಿಲ್ಲ ಅಂತ ನಿಂಗೆ ಹೇಗೆ ಗೊತ್ತು?" ಎಂದು ತಂಗಿ ಹಿಂದಿನಿಂದ ಕುತ್ತಿಗೆ ಮುಂದೆ ಚಾಚಿದಳು. ಅವಳ ಕಣ್ಣು ಮತ್ತೆ ಕಿರಿದಾಗಿತ್ತು. "ಭಾವ, ಅಕ್ಕನ ಕೈ ಹಿಡ್ಕೊಳ್ಳಿ. ಎರಡೂ."

ಗಂಡ ಒಂದು ಕೈಯಲ್ಲಿ ಸೀಡಿ ಹಿಂದಕ್ಕೆ ತಿರುಗಿಸಿ, ಇನ್ನೊಂದರಲ್ಲಿ ಹೆಂಡತಿಯ ಎರಡೂ ಮಣಿಕಟ್ಟು ಹಿಡಿದ. ದಾರಿ ತಪ್ಪುವ ಸ್ಟೇರಿಂಗ್‌ಗಳನ್ನು ಹಿಡಿದು ಪಳಗಿದ ಕೈ, ಬಿಡಿಸಿಕೊಳ್ಳಲಾಗಲಿಲ್ಲ.

'ಒಂದೂ ಬಿಡದೆ ತೆಗೆವಳು ಅಕ್ಕ.' ಪಿಯಾನೊ ನಿಂತಿತು. ಮೌನ. ಆಮೇಲೆ ಆ ಕಾರಿನಲ್ಲಿ, ಪೂರ್ತಿ ದನಿಯಲ್ಲಿ, ಬೇಕರಿಯವನಿಗೂ ಕೇಳುವಂತೆ:

"ತನ್ನ ಮೂತಿಯದೊಂದು ಬಿಟ್ಟು! ಹಾಡೋ, ಕತ್ತೆ!"

ಗಂಡನ ಬಾಯಿ ತೆರೆದದ್ದು ಮುಚ್ಚಲಿಲ್ಲ. ತಂಗಿ ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡಳು. ಅಮ್ಮ ನಿಧಾನವಾಗಿ, ಬಹಳ ಸಮಾಧಾನದಿಂದ ಹೇಳಿದಳು: "ಇದು ನಮ್ಮ ದೊಡ್ಡೋಳ ಗಂಟಲು. ಹಲ್ಲು ಕೀಳಿಸ್ಕೊಂಡು ಬಂದ ದಿನದ್ದು."

ತಂಗಿಗೆ ಇನ್ನು ತಡೆಯಲಾಗಲಿಲ್ಲ. ಅವಳ ನಗುವಿಗೆ ಕಾರು ಅಲುಗಾಡಿತು. "ಸೂಪು! ಅಯ್ಯೋ ಭಾವ, ಒಂದು ವಾರ ಸೂಪು ಕುಡಿಸಿದ್ರಲ್ಲ!" ಎಂದು ಗೋಳಾಡಿದಳು. ದೊಡ್ಡಕ್ಕನಿಗೆ ಪಿತ್ತ ನೆತ್ತಿಗೇರಿತು. ಕಣ್ಣಲ್ಲಿ ನೀರೂ ಬಂತು, ಅದು ಇನ್ನೂ ಅವಮಾನ. ಕೈ ಕಿತ್ತುಕೊಂಡು ಕಾರಿನ ಬಾಗಿಲು ತೆಗೆದು, ಒಂದು ಕಾಲು ರಸ್ತೆಗೆ ಇಟ್ಟಳು. ಅದೇ ಹೊತ್ತಿಗೆ ಸೀಡಿಯಲ್ಲಿ ಅವಳ ಬಾಗಿಲು ಧಡಾರೆಂದಿತು. ಜನರ ನಗು ಇಳಿಯಿತು. ಇನ್ನು ಮುಂದಿನದನ್ನು ಅವಳು ಕೇಳಿಯೇ ಇರಲಿಲ್ಲ. ಕಾಲು ಅಲ್ಲೇ ನಿಂತಿತು.

ಪೀಪಿ ಪಿಯಾನೊದ ಒಂದೇ ಕೀಯನ್ನು ಬೆರಳಲ್ಲಿ ತಟ್ಟುತ್ತಿದ್ದ, ಟಿಂಗ್, ಟಿಂಗ್ ಎಂದು. ಆಮೇಲೆ ಮಾತಾಡಿದ.

"ಆ ಬಾಗಿಲು ಕೇಳಿದ್ರಾ? ಹಾಗೆ ಬಾಗಿಲು ಬಡಿಯೋರು ಪ್ರಪಂಚದಲ್ಲಿ ಒಬ್ಬರೇ ಇರೋದು. ಅದು ನಮ್ಮಕ್ಕ."

ಜನ ಮತ್ತೆ ನಕ್ಕರು. ಅವನು ನಗಲಿಲ್ಲ.

"ನೀವೆಲ್ಲ ನಾನು ಸಾಲು ಮರೆತೆ ಅಂದ್ಕೊಂಡ್ರಿ. ಅವಳೂ ಹಾಗೇ ಅಂದ್ಕೊಂಡ್ಳು. ನಾನು ಮರೆತಿರ್ಲಿಲ್ಲ. ಮೂರನೇ ಸಾಲಲ್ಲಿ ಕೂತಿದ್ಲು, ತಲೆಗೆ ಸ್ಕಾರ್ಫ್ ಸುತ್ಕೊಂಡು, ದರೋಡೆ ಮಾಡೋಕೆ ಬಂದೋರ ಥರ. ಅವಳು ಎದುರಿಗೆ ಇರುವಾಗ ಆ ಸಾಲು ನನ್ನ ಬಾಯಿಂದ ಹೊರಗೆ ಬರ್ಲಿಲ್ಲ. ಇಷ್ಟು ವರ್ಷ ಊರೂರಲ್ಲಿ ಹಾಡಿದೀನಿ, ನಾಚಿಕೆ ಆಗ್ಲಿಲ್ಲ. ಇವತ್ತು ಆಯ್ತು." ಟಿಂಗ್. "ನಾನು ಜನರ ಮುಂದೆ ಬೆಪ್ಪಾಗಿ ನಿಂತೆ ಅಂತ ಅವಳಿಗೆ ತಡ್ಕೊಳ್ಳೋಕೆ ಆಗ್ಲಿಲ್ಲ. ತನ್ನ ಮೂತೀನ ತಾನೇ ಬೈಕೊಂಡು ನನ್ನ ಮಾನ ಕಾಪಾಡಿದ್ಲು. ಮರ್ಯಾದೆ ಇಲ್ಲದ ಹಾಡಿಗೆ ಇದಕ್ಕಿಂತ ಮರ್ಯಾದೆ ಸಿಗಲ್ಲ."

ಕಾರಿನಲ್ಲಿ ಅಮ್ಮ ಕಿವಿಯ ಹಿಂದೆ ಕೈ ಇಟ್ಟುಕೊಂಡು ಮುಂದೆ ಬಾಗಿದ್ದಳು.

"ಇನ್ನೊಂದು ಮಾತು," ಎಂದ ಪೀಪಿ. "ಈ ಕೋಟಿನ ಗುಂಡಿ ನೋಡಿ. ಬುಡದಲ್ಲಿ ಹೇಗೆ ಸುತ್ತಿದಾಳೆ, ಕತ್ತು ಹಿಸುಕಿದ ಹಾಗೆ. ಅವಳ ಕೈಗೇ ಸಿಗಲಿ ಅಂತ ಬೆಳಿಗ್ಗೆ ಕಾಫೀನ ನಾನೇ ಹೊಯ್ಕೊಂಡೆ. ಯಾವ ಲಾಂಡ್ರಿಗೆ ಕೊಡ್ಬೇಕು ಅಂತ ಮ್ಯಾನೇಜರಿಗೆ ವಿಳಾಸಾನೂ ಹೇಳ್ದೆ. ಗೊತ್ತಾಗಿ ಎಸೆದುಬಿಡ್ತಾಳೇನೋ ಅಂದ್ಕೊಂಡಿದ್ದೆ. ಗುಂಡಿ ಹಾಕಿ ಕಳಿಸಿದ್ಲು."

ಆಮೇಲೆ ಅವನು ಹಾಡನ್ನು ಮುಗಿಸಿದ. ಪದವಿಲ್ಲದೆ, ಬರೀ ಪಿಯಾನೊದಲ್ಲಿ. ಆ ಸಾಲು ಬರಬೇಕಾದ ಜಾಗದಲ್ಲಿ ಕೈ ಎತ್ತಿ ಸುಮ್ಮನಿದ್ದು, ಮುಂದಕ್ಕೆ ಹೋದ.

ಗಂಡ ಕೈ ಚಾಚಿ ಸೀಡಿ ನಿಲ್ಲಿಸಿದ. ದೊಡ್ಡಕ್ಕ ಒಂದು ಕಾಲು ಒಳಗೆ, ಒಂದು ಕಾಲು ರಸ್ತೆಯಲ್ಲಿ ಇಟ್ಟುಕೊಂಡು ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡಳು.

"ನೆಟ್ಟಗೆ ಇಳಿದಿತ್ತು," ಎಂದಳು. "ಚೆಲ್ಲಿದ ಕಾಫಿ ಅಷ್ಟು ನೆಟ್ಟಗೆ ಇಳಿಯಲ್ಲ ಅಂತ ನಂಗೆ ಆಗಲೇ ಅನ್ನಿಸಿತ್ತು. ಕಳ್ಳ. ಒಳ್ಳೇ ಉಣ್ಣೆ ಬಟ್ಟೆ ಹಾಳು ಮಾಡ್ಕೊಂಡಿದಾನೆ."

"ಆ ಬೈಯೋ ಜಾಗ ಇನ್ನೊಂದ್ಸಲ ಹಾಕ್ರೋ," ಎಂದಳು ಅಮ್ಮ. "ಚೆನ್ನಾಗಿದೆ."

ದೊಡ್ಡಕ್ಕ ಏಪ್ರನ್ ಜೇಬಿಗೆ ಕೈ ಹಾಕಿ ಫೋನ್ ಎಳೆದಳು. ಜೊತೆಗೆ ಫ್ಯೂಸೂ ಬಂದು ಗಂಡನ ತೊಡೆಯ ಮೇಲೆ ಬಿತ್ತು. ಅವನು ಅದನ್ನು ನೋಡಿದ, ಹೆಂಡತಿಯನ್ನು ನೋಡಿದ, ಏನೂ ಹೇಳದೆ ಜೇಬಿಗೆ ಹಾಕಿಕೊಂಡ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಮಾಡಿದ ಅತ್ಯಂತ ಬುದ್ಧಿವಂತ ಕೆಲಸ ಅದು. ತಮ್ಮನ ನಂಬರನ್ನು ಅವಳು ಹುಡುಕಬೇಕಾಗಲಿಲ್ಲ. ಬಾಯಿಪಾಠವಾಗಿತ್ತು.

ಒಂದೇ ರಿಂಗಿಗೆ ಫೋನ್ ಎತ್ತಿದ ಸದ್ದಾಯಿತು. ಆ ಕಡೆಯಿಂದ ಮಾತಿಲ್ಲ.

"ಕೇಳ್ತಾ ಇದೆಯಾ?" ಎಂದಳು ದೊಡ್ಡಕ್ಕ. "ಆ ಕೋಟಿನ ಕಂಕುಳ ಹೊಲಿಗೆ ಬಿಟ್ಟಿದೆ. ಮೂರನೇ ಸಾಲಿಗೂ ಕಾಣ್ತಿತ್ತು, ಅಸಹ್ಯವಾಗಿ. ನಾಳೆ ತಗೊಂಡು ಬಾ. ನೀನೇ ತಗೊಂಡು ಬಾ, ಮ್ಯಾನೇಜರ್ ಕೈಲಿ ಕಳಿಸ್ಬೇಡ. ಮೆಟ್ಟಿಲು ಹತ್ಬಹುದು."

ಆ ಕಡೆ ಉಸಿರು ಮಾತ್ರ ಕೇಳುತ್ತಿತ್ತು, ಗಂಟಲು ಒಣಗಿದವನ ಉಸಿರು. ಸಾವಿರ ಜನರ ಮುಂದೆ ಅಷ್ಟೆಲ್ಲ ಮಾತಾಡಿದವನಿಗೆ ಅಕ್ಕನೊಬ್ಬಳ ಮುಂದೆ ಒಂದು ಪದ ಸಿಗುತ್ತಿರಲಿಲ್ಲ. ದೊಡ್ಡಕ್ಕ ಕಾದಳು. ತಂಗಿ ಕಾದಳು, ಗಂಡ ಕಾದ, ಬೇಕರಿಯವನೂ ಕಾದ. ಇನ್ನು ಕಾಯುವುದು ದೊಡ್ಡಕ್ಕನಿಂದ ಆಗಲಿಲ್ಲ.

"'ಬರ್ತೀನಿ ಅಕ್ಕ' ಅನ್ನೋ, ಕತ್ತೆ!" ಎಂದು ಬೀದಿ ನಡುಗುವಂತೆ ಕೂಗಿದಳು.

"ಬರ್ತೀನಿ ಅಕ್ಕ," ಎಂದ ಪೀಪಿ.